ಒಂದೇ ಸೂರಿನಡಿ ಬೇರೆ ವಾಸ

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವವಳು ಅವಳು. ಹದಿನಾಲ್ಕು ವರ್ಷದಿಂದ ಅದೇ ಸ್ಟೂಲು, ತಿರುಗುವ ಅದೇ ಚಕ್ರ, ಚಕ್ರದ ಮೇಲೆ ತೊಟ್ಟಿಕ್ಕುವ ಅದೇ ನೀರು. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಫ್ರೇಮಿನಲ್ಲಿ ಕೂರುವುದಿಲ್ಲ, ಕಡಿಮೆಯಾದರೆ ಉದುರಿಬಿಡುತ್ತದೆ. ಅಂಗಡಿಗೆ ಬರುವವರು ಯಾರೂ ಅವಳ ಮುಖ ನೋಡಿದವರಲ್ಲ.

ವಿಚ್ಛೇದನದ ವಿಚಾರ ಕೇಳಲು ವಕೀಲೆಯ ಕಚೇರಿಗೆ ಹೋದದ್ದೂ ಅಂಗಡಿಯ ಊಟದ ಬಿಡುವಿನಲ್ಲೇ. ಪ್ಲಾಸ್ಟಿಕ್ ಚೀಲದಲ್ಲಿ ಮದುವೆಯ ನೋಂದಣಿ ಪತ್ರ, ವಿಳಾಸದ ಪುರಾವೆ, ಇಬ್ಬರದೂ ನಾಲ್ಕು ನಾಲ್ಕು ಫೋಟೊ. ಗಂಡನ ಒಪ್ಪಿಗೆಗೇನೂ ಕೊರತೆಯಿರಲಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಅವನು ಟಿವಿಯಿಂದ ಕಣ್ಣು ಕೀಳದೆ, "ಎಲ್ಲಿ ಸೈನ್ ಹಾಕ್ಬೇಕೋ ಹೇಳು, ಹಾಕ್ತೀನಿ," ಎಂದಿದ್ದ. ಅವರಿಬ್ಬರ ಜಗಳಗಳೆಲ್ಲ ಎಂದೋ ಮುಗಿದಿದ್ದವು.

ವಕೀಲೆ ಅವಳಿಗಿಂತ ಚಿಕ್ಕವಳು. ಚೀಲದ ಕಾಗದಗಳನ್ನೆಲ್ಲ ನೋಡಿ, "ಇಬ್ಬರೂ ಒಪ್ಪಿದ್ದೀರ, ಅರ್ಧ ತಲೆನೋವು ಕಮ್ಮಿ ಆಯ್ತು. ಎಷ್ಟು ದಿನದಿಂದ ಬೇರೆ ಇದ್ದೀರ ಅಕ್ಕ?" ಎಂದಳು.

"ಒಂದೇ ಮನೇಲಿದ್ದೀವಿ. ಇನ್ನೊಂದು ಮನೆ ಮಾಡೋದು ಇಬ್ಬರ ಕೈಲೂ ಆಗಲ್ಲ. ಅವರು ಹಾಲಲ್ಲಿ, ನಾನೂ ಅತ್ತೆನೂ ರೂಮಲ್ಲಿ. ಮೂರು ವರ್ಷ ಆಯ್ತು."

"ಅಡುಗೆ ಯಾರು ಮಾಡೋದು?"

"ನಾನೇ."

"ಬಟ್ಟೆ?"

"ನಾನೇ."

"ಅವರದ್ದೂ?"

"ಅವರದ್ದು, ಅತ್ತೇದು, ನಂದು, ಎಲ್ಲ ಒಟ್ಟಿಗೆ ಹಾಕ್ತೀನಿ."

ವಕೀಲೆ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ನೀವಿನ್ನೂ ಬೇರೆನೇ ಆಗಿಲ್ಲ. ಒಂದೇ ಸೂರಿನಡಿ ಇದ್ಕೊಂಡೂ ಬೇರೆ ವಾಸ ಅಂತ ತೋರಿಸ್ಬಹುದು. ಆದ್ರೆ ನೀವು ಬೇಯಿಸಿ ಹಾಕ್ತಾ, ಒಗೆದು ಮಡಿಸಿ ಕೊಡ್ತಾ ಇದ್ರೆ, 'ಸಂಸಾರ ಅಂದ್ರೆ ಇದೇ ಅಲ್ವೇನಮ್ಮ?' ಅಂತ ಜಡ್ಜು ಕೇಳ್ತಾರೆ. ಎಲ್ಲ ನಿಲ್ಲಿಸಿ. ನಿಲ್ಲಿಸಿದ ದಿನದಿಂದ ಒಂದು ವರ್ಷ ಎಣಿಸಿ, ಆಮೇಲೆ ಅರ್ಜಿ ಹಾಕೋಣ. ಹಾಕಿದ ಮೇಲೂ ಯೋಚನೆ ಮಾಡ್ಲಿ ಅಂತ ಆರು ತಿಂಗಳು ಬಿಡ್ತಾರೆ. ಆಮೇಲೆ ಇಬ್ಬರನ್ನೂ ಕರೆದು ಇನ್ನೊಂದ್ಸಲ ಕೇಳ್ತಾರೆ."

ಇಷ್ಟು ವರ್ಷ ಅದನ್ನೆಲ್ಲ ಕೆಲಸ ಎಂದು ಕರೆದವರೇ ಇರಲಿಲ್ಲ. ಈಗ ಕರೆಯುವವರು ಸಿಕ್ಕಿದ್ದರು, ಅದೂ ಅವಳಿಗೆ ಅಡ್ಡಗಾಲಾಗಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ವಕೀಲೆಯ ಮೇಜಿನ ಗಾಜಿನ ಅಂಚು ಸರಿಯಾಗಿ ಉಜ್ಜಿಲ್ಲವೆಂಬುದು ಮಾತ್ರ ಕಣ್ಣಿಗೆ ಬಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು. "ನಾಳೆಯಿಂದ ನಿಮ್ಮ ಊಟ, ನಿಮ್ಮ ಬಟ್ಟೆ ನೀವೇ ನೋಡ್ಕೋಬೇಕಂತೆ."

"ಕೋರ್ಟು ನಮ್ಮನೆ ಅಡುಗೆಮನೆಗೂ ಬಂತಾ?" ಎಂದು ಅವನು ನಕ್ಕ.

ಅದು ಮಾರ್ಚ್ ಮೂರು. ನಾಲ್ಕರಿಂದ ಎಣಿಕೆ ಶುರು. ಊರಿನ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದವನು ವಾಷಿಂಗ್ ಮಷಿನ್ನಿನ ಮೂರು ಗುಂಡಿಗಳ ಮುಂದೆ ನಿಂತು ತಲೆ ಕೆರೆದುಕೊಂಡ. ಆದರೆ ಮಾಡದಿರುವುದೂ ಅವಳಿಗೆ ಹಗುರವಾಗಿರಲಿಲ್ಲ. ಸೋಫಾದ ಕೆಳಗೆ ಅವನ ಕಾಲುಚೀಲ ಕಂಡರೆ ಸೊಂಟ ತಾನಾಗಿ ಬಾಗುತ್ತಿತ್ತು. ಅರ್ಧ ಬಾಗಿದವಳು ನೆಟ್ಟಗಾಗಬೇಕಿತ್ತು. ಕೈ ಮೂರು ಲೋಟ ಅಕ್ಕಿ ಅಳೆದುಬಿಡುತ್ತಿತ್ತು. ಒಂದು ಲೋಟ ವಾಪಸ್ ಡಬ್ಬಿಗೆ ಸುರಿಯುತ್ತಿದ್ದಳು. ಬೆಳಿಗ್ಗೆಯೇ ತನಗೂ ಅತ್ತೆಗೂ ಅಡುಗೆ ಮುಗಿಸಿ, ಮಧ್ಯಾಹ್ನದ್ದನ್ನು ತಾನು ಕಟ್ಟಿಕೊಂಡು, ಅತ್ತೆಯ ಎರಡು ಹೊತ್ತಿನದನ್ನು ಮುಚ್ಚಿಟ್ಟು ಹೊರಡುತ್ತಿದ್ದಳು. ಎಂಟೂವರೆಗೆ ಅಂಗಡಿಯಿಂದ ಮರಳುವಷ್ಟರಲ್ಲಿ ಅತ್ತೆ ಊಟವಾಯಿತೆಂದು ಗಂಟುಬಿದ್ದ ಬೆರಳುಗಳಲ್ಲೇ ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದರು.

ಆ ವರ್ಷ ಅತ್ತೆಯ ಕನ್ನಡಕ ಮೂಗಿನಿಂದ ಜಾರತೊಡಗಿತು. ಅವಳು ಮೂರು ಸಲ ಅದರ ಕಡ್ಡಿ ಬಿಗಿಮಾಡಿ ಕೊಟ್ಟಳು.

"ಮುಖ ಇಳಿದುಹೋಗಿದೆ ಅತ್ತೆ."

"ವಯಸ್ಸಾಗ್ತಾ ಇನ್ನೇನು, ಮುಖ ಏರುತ್ತೇನೇ?"

ವರ್ಷ ತುಂಬಿತು. ಅರ್ಜಿಯ ಜೊತೆಗೆ, ಇವರಿಬ್ಬರೂ ಬೇರೆಯಾಗಿಯೇ ಇದ್ದರೆಂದು ಮನೆಯಲ್ಲೇ ಇರುವ ಒಬ್ಬರ ಹೇಳಿಕೆ ಬೇಕೆಂದಳು ವಕೀಲೆ. ಹಾಗೆ ಅತ್ತೆಯೂ ಸೇರಿ ಮೂವರೂ ವಕೀಲೆಯ ಮೇಜಿನ ಮುಂದೆ ಕೂತರು. ಗಂಡ ಕಾರಿನ ಕೀ ತಿರುಗಿಸುತ್ತಿದ್ದ.

"ಅಮ್ಮ, ಹೋದ ಮಾರ್ಚ್ ನಾಲ್ಕರಿಂದ ನಿಮ್ಮ ಸೊಸೆ ನಿಮ್ಮ ಮಗನಿಗೆ ಅಡುಗೆ ಮಾಡಿ ಹಾಕಿದಾರಾ?"

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ಒಂದು ದಿನ ತಪ್ಪಿಸಿಲ್ಲ! ಯಾರು ಇವಳ ಮೇಲೆ ಚಾಡಿ ಹೇಳಿದ್ದು? ಚಿನ್ನದಂಥ ಹುಡುಗಿ ನನ್ನ ಸೊಸೆ."

ವಕೀಲೆಯ ಪೆನ್ನು ನಿಂತಿತು. ಗಂಡ, "ಹೌದಲ್ಲ, ಸಂಜೆ ತಟ್ಟೆ ಮುಚ್ಚಿಟ್ಟಿರ್ತಿದ್ಳು. ಬಾಯಲ್ಲಿ ಹಾಗಂದ್ರೂ ಮನಸ್ಸು ತಡೀಲಿಲ್ಲ ಅಂದ್ಕೊಂಡೆ," ಎಂದ.

"ನಾನು ಇಟ್ಟಿಲ್ಲ."

"ಇದು ನಿಜ ಆದ್ರೆ ಅಕ್ಕ, ವರ್ಷ ಮತ್ತೆ ಮೊದಲಿಂದ ಎಣಿಸ್ಬೇಕು," ಎಂದಳು ವಕೀಲೆ.

ಅವಳು ಅತ್ತೆಯ ಕಡೆ ತಿರುಗಿದಳು. ಬಿಗಿಮಾಡಿದ್ದ ಕನ್ನಡಕ ಮತ್ತೆ ಮೂಗಿನ ತುದಿಯಲ್ಲಿತ್ತು. ಆಗ ಅವಳಿಗೆ ಹೊಳೆಯಿತು.

"ಅತ್ತೆ, ನಾನು ಎಷ್ಟು ಜನಕ್ಕೆ ಮಾಡ್ತಿದ್ದೆ?"

"ಇಬ್ಬರಿಗೆ."

"ಮತ್ತೆ ಅವರಿಗೆ ಎಲ್ಲಿಂದ ಬಂತು?"

"ನನಗೆ ಕೊಟ್ಟದ್ದರಲ್ಲಿ ಮಿಗ್ತಿತ್ತು."

"ಮಿಗ್ತಿತ್ತೋ, ಮಿಗಿಸ್ತಿದ್ರೋ?"

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ಅವನು ಒಣ ಬ್ರೆಡ್ಡು ಕಡೀತಾ ಕೂತಿರೋದು ನೋಡೋಕಾಗ್ಲಿಲ್ಲ ಕಣೇ. ನಿನ್ನ ಹೆಂಡ್ತಿನೇ ಇಟ್ಟಿದಾಳೆ ಅಂದೆ. ಹಾಗಂದ್ರೆ ಮತ್ತೆ ನೀವಿಬ್ಬರೂ ಒಂದಾಗ್ತೀರೇನೋ..."

"ನೀನೇನು ತಿಂತಿದ್ದೆ ಹಾಗಾದ್ರೆ?" ಎಂದ ಮಗ. ಕೀ ತಿರುಗುವುದು ನಿಂತಿತ್ತು.

ವಕೀಲೆ ಹೊಸ ಹಾಳೆ ಎಳೆದುಕೊಂಡಳು. "ಅದು ನಿಮ್ಮ ಊಟ, ಕೊಟ್ಟಿದ್ದು ನೀವು. ಸೊಸೆ ಮಗನಿಗೆ ಅಡುಗೆ ಮಾಡಿಲ್ಲ, ಅವನ ಬಟ್ಟೆ ಒಗೆದಿಲ್ಲ. ಹೀಗೇ ಬರೀಲಾ ಅಮ್ಮ?"

"ಅಯ್ಯೋ, ಹಾಗೆ ಬರೆದ್ರೆ ಇವಳ ಬಗ್ಗೆ ಜನ ಏನಂದ್ಕೋತಾರೆ?"

"ಒಳ್ಳೇ ಮಾತು ಬೇಡ ಅತ್ತೆ," ಎಂದಳು ಅವಳು. "ನಡೆದದ್ದು ಬರೆಸಿ."

ಅತ್ತೆ ಕನ್ನಡಕ ಮೇಲೇರಿಸಿ ಅವಳ ಮುಖ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅದರ ಕೆಳಗೆ ದಿನಾಂಕವನ್ನು ಅವರೇ ಬರೆದರು.

ಮಧ್ಯಾಹ್ನದೊಳಗೆ ಅರ್ಜಿ ಕೋರ್ಟಿನ ಕಿಟಕಿಯೊಳಗೆ ಹೋಯಿತು. ಗುಮಾಸ್ತ ಮೊಹರು ಒತ್ತಿ, ಆರು ತಿಂಗಳಾಚೆಯ ಒಂದು ದಿನಾಂಕ ಗೀಚಿದ ಚೀಟಿ ಕೊಟ್ಟ. ಏನಾದರೂ ಅನಿಸುತ್ತದೇನೋ ಎಂದು ಅವಳು ಕಾದಳು. ಎಡಗಾಲು ಜೋಮು ಹಿಡಿದಿತ್ತು, ಅಷ್ಟೇ.

ಗಂಡ ಪಾಠಕ್ಕೆ ಹೊತ್ತಾಯಿತೆಂದು ಹೊರಟುಹೋದ. ಮೆಟ್ಟಿಲು ಇಳಿಯುತ್ತ ಅತ್ತೆ ಅವಳ ತೋಳು ಹಿಡಿದರು.

"ನಾನೀಗ ಯಾರ ಕಡೆ ಉಣ್ಬೇಕೇ?"

"ನಿಮ್ಮಿಂದ ಬೇರೆ ಆಗ್ಬೇಕು ಅಂತ ಅರ್ಜೀಲಿ ಎಲ್ಲೂ ಬರೆದಿಲ್ಲ."

"ಅವನು?"

"ಅನ್ನ ಮಾಡೋದು ಕಲೀತಾರೆ. ನೀವು ಕುರ್ಚೀಲಿ ಕೂತು ಬಾಯಲ್ಲಿ ಹೇಳಿಕೊಡಿ. ಕೈ ಹಾಕ್ಬೇಡಿ." ಮುಂದಿನ ಮೆಟ್ಟಿಲಲ್ಲಿ ನಿಂತು ಸೇರಿಸಿದಳು: "ಇನ್ಮೇಲೆ ಸಂಜೆ ಊಟ ನಾನು ಬಂದ ಮೇಲೆ. ನನ್ನ ಎದುರಿಗೆ."

"ಪೊಲೀಸಮ್ಮ," ಎಂದು ಅತ್ತೆ ಗೊಣಗಿದರು. ತೋಳು ಮಾತ್ರ ಬಿಡಲಿಲ್ಲ.