ಕೂಸಿನ ಕಣ್ಣು ಹೊಗಳಿದ ಮೇಲೆ

ಹೋದ ಚಳಿಗಾಲ, ಧಾರವಾಡದ ಹಳೆ ಬಸ್ ನಿಲ್ದಾಣ. ಮುಂಜಾನೆಯೇ ಇರಬೇಕು, ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತೆಂದು ನೆನಪು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಆಕೆಯ ಸೊಸೆ, ಸೊಸೆಯ ತೊಡೆಯ ಮೇಲೆ ಕೂಸು. ಕೂಸಿನ ಮುಂಗೈಗೆ ಸಲೈನ್ ಹಚ್ಚಿದ ಜಾಗದಲ್ಲಿ ಇನ್ನೂ ಪಟ್ಟಿ ಇತ್ತು.

"ದವಾಖಾನಿಯಿಂದ ಬಿಟ್ಟಾರ. ಹಾಲು ಕುಡೀಲಿಲ್ಲಂದ್ರ ತಿರುಗಿ ಕರ್ಕೊಂಡು ಬರ್ರಿ ಅಂದಾರ ಡಾಕ್ಟ್ರು," ಎಂದು ಸೊಸೆ ಫೋನಿನಲ್ಲಿ ಗಂಡನಿಗೆ ಹೇಳಿ, ಚಮಚದಲ್ಲಿ ಹಾಲು ಕುಡಿಸತೊಡಗಿದಳು.

ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿತು. "ಎಷ್ಟ ಛಂದ ಅದಾವ್ರಿ ಕೂಸಿನ ಕಣ್ಣು. ನೋಡ್ಕೋತ ಕೂಡಬೇಕು ಅನಸ್ತೈತಿ," ಎಂದೆ.

ಅಜ್ಜಿ ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು. "ಗಲ್ಲದ ಮ್ಯಾಲಿನ ಕಾಡಿಗಿ ಬೊಟ್ಟ ನರ್ಸು ಒರಿಸ್ಯಾಳ. ಬೊಟ್ಟಿಲ್ಲದ ಕೂಸಿಗೆ ಹಂಗ ಅಂತಾರೇನೋ ತಮ್ಮಾ?"

ಕೂಸು ಅಳುತ್ತಿತ್ತು. ಚಮಚ ಹಿಡಿದರೆ ತುಟಿ ಬಿಗಿದು ಮುಖ ತಿರುವುತ್ತಿತ್ತು. ಅಳು ಮೊದಲೋ, ನನ್ನ ಮಾತು ಮೊದಲೋ? ವಿಶ್ವವಿದ್ಯಾಲಯದಲ್ಲಿ ಕಾರಣ, ಪರಿಣಾಮ ಎಂದು ವರ್ಷಗಟ್ಟಲೆ ಓದಿದವನಿಗೆ ಇಷ್ಟೂ ಖಚಿತವಾಗಿ ನೆನಪಿಲ್ಲ. ಸೆರಗು ಮುಖದ ಮೇಲೆ ಬಿದ್ದದ್ದಕ್ಕೇ ಬೆದರಿತೇನೋ.

"ಕಾಲು ಎತ್ತು," ಎಂದಳು ಅಜ್ಜಿ.

"ಯಾಕ್ರಿ?"

"ಧೂಳಿ ಬೇಕು. ಕಣ್ಣು ನಿಂದು ಬಿದ್ದೈತಿ, ಧೂಳೀನೂ ನಿಂದ ಬೇಕು."

"ಅತ್ತಿ, ಬಿಡ್ರಿ. ಕಲ್ತ ಮಂದಿ, ನಗತಾರ," ಎಂದಳು ಸೊಸೆ.

"ನಗಲಿ. ಇಂವಾ ನಕ್ರ ಕೂಸು ಹಾಲು ಕುಡೀತೈತೇನು?"

ಅಮ್ಮಿನಬಾವಿ ಬಸ್ಸು ಬಂದು ನಿಂತಿತು. ಸೊಸೆ ಬಸ್ಸನ್ನು ನೋಡಿದಳು, ಆಸ್ಪತ್ರೆಯ ಕಡೆಯ ರಸ್ತೆಯನ್ನು ನೋಡಿದಳು. ಧೂಳಿಗೂ ಹಾಲಿಗೂ ಸಂಬಂಧವಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಂದೆನೋ ಇಲ್ಲವೋ ತಿಳಿಯದು. ಕಾಲೆತ್ತಿದೆ.

ಅಜ್ಜಿ ಚಪ್ಪಲಿಯಡಿಯ ಮಣ್ಣು ಚಿವುಟಿಕೊಂಡು ಕೂಸಿಗೆ ನಿವಾಳಿಸಿ ಕಂಬದಾಚೆ ಒಗೆದಳು. ಅಳು ನಿಲ್ಲಲಿಲ್ಲ.

"ದವಾಖಾನಿಗೇ ಹೋಗೂಣ್ರಿ," ಎಂದು ಸೊಸೆ ಎದ್ದಳು.

"ಇನ್ನೊಂದ ಚಮಚ ನೋಡು."

ಸೊಸೆ ನಿಂತೇ ಕುಡಿಸಿದಳು. ಕೂಸು ಬಿಕ್ಕಿತು, ನುಂಗಿತು. ಮತ್ತೊಂದನ್ನೂ ನುಂಗಿತು. ನಾನು ಹೆದರಿ ಬೇರೆ ಕಡೆ ನೋಡುತ್ತಿದ್ದೆ. ಹಾಗಾಗಿ ಇದನ್ನು ಕಣ್ಣಾರೆ ಕಂಡೆನೋ, ಅಜ್ಜಿ ಬಿಟ್ಟ ಉಸಿರಿನಿಂದ ಊಹಿಸಿದೆನೋ, ಆಣೆ ಮಾಡಿ ಹೇಳಲಾರೆ. ಸೊಸೆ ಬಸ್ಸಿನ ಕಡೆ ತಿರುಗಿದ್ದು ಮಾತ್ರ ಖರೆ.

"ಈಗ ಮಾತಾಡು," ಎಂದಳು ಅಜ್ಜಿ, ಗಂಟು ಎತ್ತಿಕೊಳ್ಳುತ್ತ.

"ಯಾವೂರ್ರಿ ನಿಮ್ದು?"

"ಅಮ್ಮಿನಬಾವಿ. ಇದನ್ನ ಮೊದಲ ಕೇಳಾಕ ಏನಾಗಿತ್ತು? ಊರು ಕೇಳು, ಊಟ ಆತೇನಂತ ಕೇಳು. ಕೂಸಿಗೇ ಏನರ ಅನ್ನೂದಿದ್ರ, ಬಡಕ ಆಗೈತಿ ಅನ್ನು."

ಅವರ ಹಿಂದೆ ಬಸ್ಸಿನ ಬಾಗಿಲತನಕ ಹೋದೆ. "ಭಾಳ ಬಡಕ ಆಗೈತ್ರಿ," ಎಂದೆ.

"ಹೌದ್ರಿ, ಭಾಳ ಇಳದೈತಿ," ಎಂದು ಸೊಸೆ ಮೆಟ್ಟಿಲ ಮೇಲಿಂದ ಮೊದಲ ಸಲ ನನಗೆ ಉತ್ತರ ಕೊಟ್ಟಳು. "ಇನ್ನ ಹಾಲು ಹಿಡಿದ್ರ ತುಂಬ್ಕೋತೈತಿ."