ಮೆಟ್ಟಿಲ ನಡುವೆ ‘ಡೌನ್’ ಅನ್ನದವನು

ಅವನನ್ನು ಕೆಲಸದವರೆಲ್ಲ ಕಂಬಣ್ಣ ಎಂದೇ ಕರೆಯುತ್ತಿದ್ದರು. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಬೀರುವೋ ಮಂಚವೋ ಫ್ರಿಜ್ಜೋ, ಯಾವುದೇ ಇರಲಿ, ಮೆಟ್ಟಿಲಿಳಿಸುವಾಗ ಕೆಳಗಿನ ತುದಿ ಅವನದು. ಭಾರವೆಲ್ಲ ಬೀಳುವುದು ಆ ತುದಿಗೇ. ಮೇಲಿನವನು ಹಿಡಿದು ತಡೆಯಬೇಕು, ಕೆಳಗಿನವನು ಹೊರಬೇಕು. ಕಂಬಣ್ಣ ಸಾಮಾನಿಗೆ ಮುಖ ಮಾಡಿ, ಹಿಮ್ಮಡಿಯಿಂದ ಮೆಟ್ಟಿಲು ತಡಕುತ್ತ, ಹಿಂದೆ ಹಿಂದೆ ಇಳಿಯುತ್ತಿದ್ದ.

ಆ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ‘ಡೌನ್’ ಎನ್ನುವ ಹಕ್ಕು ಕೆಳಗಿನವನಿಗೆ ಮಾತ್ರ. ಬೇರೆ ಕಡೆ ಆ ಮಾತನ್ನು ಜನ ಹೇಗೆ ಬೇಕಾದರೂ ಬಳಸುತ್ತಾರೆ. ಲಾರಿ ಡ್ರೈವರನಿಗೆ ಬ್ಯಾಟರಿ ಡೌನ್, ಮಾಲೀಕನಿಗೆ ವ್ಯಾಪಾರ ಡೌನ್, ಪಕ್ಕದ ಮನೆಯ ಅಜ್ಜಿಗೆ ಬಿಪಿ ಡೌನ್. ಮೆಟ್ಟಿಲ ನಡುವೆ ಮಾತ್ರ ಅದಕ್ಕೆ ಒಂದೇ ಅರ್ಥ: ನನ್ನ ಕೈಲಿ ಸದ್ಯಕ್ಕೆ ಆಗದು, ಇಲ್ಲೇ ಇಳಿಸೋಣ. ಅದು ಕಿವಿಗೆ ಬಿದ್ದೊಡನೆ ಮೇಲಿನವನು ಏಕೆ, ಏನು ಎಂದು ಕೇಳದೆ ಮಂಡಿ ಬಗ್ಗಿಸಬೇಕು.

ಕಂಬಣ್ಣ ಅದನ್ನು ಮೆಟ್ಟಿಲ ನಡುವೆ ಒಮ್ಮೆಯೂ ಅಂದವನಲ್ಲ. ನೆಲ ಮುಟ್ಟಿದ ಮೇಲೆಯೇ ಅವನ ಬಾಯಿಂದ ಅದು ಬರುತ್ತಿತ್ತು. ಬೇರೆ ಯಾರಾದರೂ ನಡುವೆ ಅಂದರೆ, “ಏನಪ್ಪಾ, ಹಾಸಿಗೆ ಹಾಸ್ಲಾ? ಮಲಗೇಬಿಡು” ಎಂದು ರೇಗಿಸುತ್ತಿದ್ದ. ಬಡಗಿ ಅಂಗಡಿ ಬಿಟ್ಟು ಅಳಿಯನೂ ಇದೇ ಕೆಲಸಕ್ಕೆ ಬಂದಾಗ ಅವನನ್ನೂ ಬಿಡಲಿಲ್ಲ. ಹೊಸದರಲ್ಲಿ ಅವನು ಒಂದು ಮೇಜು ಹೊತ್ತು ಅರ್ಧಕ್ಕೇ ‘ಡೌನ್’ ಅಂದಿದ್ದಕ್ಕೆ, “ಇಷ್ಟೇನಾ ನಿನ್ನ ತಾಕತ್ತು? ನನ್ನ ಮಗಳ ಭಾರ ಹೆಂಗಯ್ಯಾ ಹೊರ್ತೀಯ?” ಎಂದಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಅಳಿಯನೂ ತಲೆ ತಗ್ಗಿಸಿ ನಕ್ಕಿದ್ದ.

ಈಚೆಗೆ ಕಂಬಣ್ಣನ ಬಲಭುಜ ಕೈಕೊಡತೊಡಗಿತ್ತು. ಅಂಗಿಯನ್ನು ಗೂಟಕ್ಕೆ ಎಡಗೈಯಲ್ಲೇ ನೇತುಹಾಕುತ್ತಿದ್ದ. ಮಗಳು ಕೇಳಿದರೆ, “ಅಭ್ಯಾಸ ಕಣೆ” ಅನ್ನುತ್ತಿದ್ದ.

ಅಂದು ನಿವೃತ್ತ ಟೀಚರೊಬ್ಬರ ಮನೆ ಖಾಲಿ ಮಾಡಬೇಕಿತ್ತು. ಮೂರನೇ ಮಹಡಿಯಿಂದ ಕನ್ನಡಿ ಬಾಗಿಲಿನ ಹಳೆಯ ಬೀರು ಇಳಿಯಬೇಕು. ಮೇಲೆ ಅಳಿಯ, ಕೆಳಗೆ ಕಂಬಣ್ಣ. ಎರಡನೇ ತಿರುವು ದಾಟುವಾಗ ಭುಜದಲ್ಲಿ ಏನೋ ಸಡಿಲವಾದಂತಾಯಿತು. ಮಾತು ನಾಲಿಗೆಯ ತುದಿಗೆ ಬಂತು. ತಲೆ ಎತ್ತಿದರೆ ಬೀರುವಿನ ಮೇಲಿಂದ ಅಳಿಯನ ಮುಖ ಕಂಡಿತು. ಕಂಬಣ್ಣ ಮಾತನ್ನು ನುಂಗಿಕೊಂಡ. ಇನ್ನೊಂದು ಮೆಟ್ಟಿಲು ಇಳಿದ. ಆಮೇಲೆ ತೋಳು ತಾನಾಗಿ ಕೆಳಗೆ ಬಿತ್ತು.

ಬೀರು ಜಾರಿತು. ಅಳಿಯ ಕೈ ಬಿಡಲಿಲ್ಲ. ಬೀರುವಿನ ಅಂಚಿಗೂ ಗೋಡೆಗೂ ನಡುವೆ ಅವನ ಬೆರಳುಗಳು ಸಿಕ್ಕಿ ನುಜ್ಜಾದವು, ಆದರೂ ಬಿಡಲಿಲ್ಲ. ಕನ್ನಡಿ ಒಡೆದು ಚೂರುಗಳು ಮೆಟ್ಟಿಲುದ್ದಕ್ಕೂ ಚೆಲ್ಲಿದವು. ಬೀರು ಕಂಬಣ್ಣನ ಎದೆಗೆ ಒಂದು ಗೇಣು ದೂರದಲ್ಲಿ ನಿಂತಿತು.

ಸದ್ದು ಕೇಳಿ ಟೀಚರ್ ಮೆಟ್ಟಿಲಿಳಿದು ಬಂದರು. “ನಮ್ಮಮ್ಮ ತಲೆ ಬಾಚ್ಕೊಳ್ತಿದ್ದ ಕನ್ನಡಿ ಅದು” ಎಂದು ಮೆಲ್ಲಗೆ ಹೇಳಿ ಮೇಲೆ ಹೋದರು. ಬೈದಿದ್ದರೆ ವಾಸಿಯಿತ್ತು.

ಮಾಲೀಕ ಲಾರಿಯ ಬಳಿಯಿಂದ ಓಡಿಬಂದ. ಸಾಮಾನು ಕೆಳಕ್ಕೆ ಜಾರಿದರೆ ಮೇಲಿನವನು ಕೈ ಬಿಟ್ಟ ಎಂದೇ ಲೆಕ್ಕ. ಮಾಲೀಕ ಕೇಳಿದ್ದು ಒಂದೇ ಪ್ರಶ್ನೆ: “ಮೇಲೆ ಯಾರಿದ್ರು?”

“ನಾನಿದ್ದೆ” ಎಂದ ಅಳಿಯ, ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು.

ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಬೇಕಾದವನು ಕಂಬಣ್ಣ. ಅವನು ಬಗ್ಗಿ ಎಡಗೈಯಲ್ಲಿ ಕನ್ನಡಿ ಚೂರು ಆಯತೊಡಗಿದ.

“ನಾಳೆಯಿಂದ ನೀನು ಬರ್ಬೇಡಪ್ಪ” ಎಂದ ಮಾಲೀಕ.

ಸಂಜೆ ಮನೆಯಲ್ಲಿ ಮಗಳು ಗಂಡನ ಬೆರಳಿಗೆ ಬಟ್ಟೆ ಸುತ್ತುತ್ತಲೇ ಅವನಿಗೆ ಮಂಗಳಾರತಿ ಎತ್ತಿದಳು. “ಕೆಳಗೆ ಅಪ್ಪ ಇದ್ದಾರೆ ಅನ್ನೋ ಗ್ಯಾನ ಬೇಡ್ವಾ ನಿಮಗೆ? ಅವರ ಮೇಲೆ ಬಿದ್ದಿದ್ರೆ? ಇಷ್ಟು ವರ್ಷದಲ್ಲಿ ಒಂದು ಲೋಟ ಒಡೆದವರಲ್ಲ ನಮ್ಮಪ್ಪ.”

“ಬಿಡೆ, ಆಯ್ತಲ್ಲ” ಎಂದ ಅಳಿಯ. ಮಾವನ ಕಡೆ ನೋಡಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎಂದು ಕಂಬಣ್ಣನಿಗೆ ತಿಳಿಯಿತು. ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ.

“ಎಲ್ಲಿಗಪ್ಪ?”

“ಬಂದೆ.”

ಮಾಲೀಕ ಶೆಡ್ಡಿನ ಮುಂದೆ ಲಾರಿ ತೊಳೆಯುತ್ತಿದ್ದ. ಕಂಬಣ್ಣ ಪೈಪಿನ ನೀರು ಕಾಲಿಗೆ ಬೀಳುತ್ತಿದ್ದರೂ ಅಲ್ಲೇ ನಿಂತ.

“ಅವನು ಕೈ ಬಿಡ್ಲಿಲ್ಲ ಸಾರ್. ಬಿಟ್ಟಿದ್ದು ನಾನು. ಭುಜ ಸರಿಯಿಲ್ಲ, ಬಹಳ ದಿನ ಆಯ್ತು.”

“ಡೌನ್ ಅನ್ನೋಕೇನಾಗಿತ್ತು ನಿಂಗೆ?”

“ನಾಚಿಕೆ ಆಯ್ತು.”

“ಯಾರ ಮುಂದೆ?”

“ಅಳಿಯನ ಮುಂದೆ.”

ಮಾಲೀಕ ನಲ್ಲಿ ನಿಲ್ಲಿಸಿದ. “ಕೈ ವಾಸಿಯಾದ್ಮೇಲೆ ಅವನನ್ನ ಕಳಿಸು. ಇನ್ಮೇಲೆ ಕೆಳಗೆ ಅವನಿರ್ಲಿ. ನೀನು ಒಳಗೆ ಕೂತ್ಕೊಂಡು ಗಾಜು, ಪಿಂಗಾಣಿ ಸುತ್ತು. ಆ ಟೀಚರಮ್ಮನ ಹತ್ರ ನೀನೇ ಹೋಗಿ ಹೇಳ್ಬೇಕು.”

ಟೀಚರಮ್ಮನಿಗೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಮಗಳಿಗೆ ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಗಂಡನ ಕೈಯನ್ನು ಎಳೆದುಕೊಂಡು, ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಮತ್ತೆ ಮೆತ್ತಗೆ ಸುತ್ತಿದಳು.

ಅಳಿಯನ ಕೈ ವಾಸಿಯಾಗಿ ಮತ್ತೆ ಕೆಲಸಕ್ಕೆ ಬಂದ ದಿನ, ಕಂಬಣ್ಣ ಯಾರದೋ ಅಡುಗೆಮನೆಯ ನೆಲದ ಮೇಲೆ ಕೂತು ಗಾಜಿನ ಲೋಟಗಳಿಗೆ ಹಳೆಯ ಪೇಪರು ಸುತ್ತುತ್ತಿದ್ದ. ಪಕ್ಕದಲ್ಲಿ ಪ್ಯಾಕಿಂಗಿನ ಅಕ್ಕ ತಟ್ಟೆ ಜೋಡಿಸುತ್ತಿದ್ದಳು. ಹೊರಗೆ ಫ್ರಿಜ್ಜು ಇಳಿಯುತ್ತಿತ್ತು. ಮೆಟ್ಟಿಲ ನಡುವಿನಿಂದ ಅಳಿಯನ ದನಿ ಕೇಳಿತು.

“ಡೌನ್.”

ಕಂಬಣ್ಣನ ಕೈ ನಿಂತಿತು. ಈಗ ಯಾರಾದರೂ ನಗುತ್ತಾರೆ ಎಂದು ಕಾದ. ಯಾರೂ ನಗಲಿಲ್ಲ. ಒಬ್ಬ ಕೆಮ್ಮಿದ. ಇನ್ನೊಬ್ಬ ನೀರು ಕೇಳಿದ. ಆಮೇಲೆ “ಹೂಂ, ಎತ್ತು” ಅಂದರು, ಹೆಜ್ಜೆಗಳು ಕೆಳಗೆ ಹೋದವು. ಅಷ್ಟೇ ಇತ್ತು ಅದು. ಅಷ್ಟಕ್ಕೇ ತಾನು ಅವನ ಬೆರಳು ಜಜ್ಜಿಸಿದ್ದು ಎಂದು ನೆನೆದು ಕಂಬಣ್ಣನ ಕಿವಿ ಬಿಸಿಯಾಯಿತು.

“ಕಂಬಣ್ಣ, ಆ ಲೋಟಕ್ಕೆ ಇನ್ನೆಷ್ಟು ಪೇಪರ್ ಸುತ್ತೀರಿ?” ಎಂದಳು ಅಕ್ಕ. “ಚಳಿ ಗಿಳಿ ಆಗ್ತಿದೆಯಾ ಅದಕ್ಕೆ?”

ಅವನು ತಲೆ ಎತ್ತದೆ, ಸುತ್ತಿದ್ದನ್ನು ಬಿಚ್ಚತೊಡಗಿದ.