‘ನಿಲ್ಲು’ ಎಂಬ ಗುಂಡಿ

ಗುನ್ಸಾನ್ ಬಂದರಿನ ಮೀನುಪೇಟೆಯ ಹಿಂದೆ ಒಂದು ಕನ್ನಡಕದ ಅಂಗಡಿ. ಅಲ್ಲಿ ಗಾಜು ಉಜ್ಜುವ ಕೆಲಸ ಗು ಬೋನ್‌ಸೋಕನದು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ತಾಯಿಯ ಜೊತೆಗಿದ್ದ. ಗಿರಾಕಿಗಳಲ್ಲಿ ಅನೇಕರು ಅವನ ದನಿಯನ್ನೇ ಕೇಳಿರಲಿಲ್ಲ. ಆದರೆ ‘ಉಪ್ಪಿನ ದ್ವೀಪ’ ಎಂಬ ಹಳೆಯ ವಿಡಿಯೋ ಗೇಮಿನ ಹುಚ್ಚು ಹಿಡಿದವರ ನಡುವೆ ಅವನದು ದೊಡ್ಡ ಹೆಸರು.

ಆ ಗೇಮಿನ ಕೊನೆಯಲ್ಲಿ ಸೋರಿ ಎಂಬ ಹುಡುಗಿ ದಡದಲ್ಲಿ ನಿಂತಿರುತ್ತಾಳೆ. ಮುದುಕ ಅಂಬಿಗ ದೋಣಿಯಿಂದ ಕೈ ಚಾಚುತ್ತಾನೆ. ತೆರೆಯ ಮೇಲೆ ‘ಹೋಗು’, ‘ನಿಲ್ಲು’ ಎಂದು ಎರಡು ಗುಂಡಿಗಳು ಮೂಡುತ್ತವೆ. ಯಾವುದನ್ನು ಒತ್ತಿದರೂ ಹುಡುಗಿ ದೋಣಿ ಹತ್ತಿಬಿಡುತ್ತಾಳೆ.

ಬೋನ್‌ಸೋಕನ ವಾದ ಇಷ್ಟೇ: ಅಂಬಿಗ ಮೊದಲಿನಿಂದಲೂ ಅವಳ ತಲೆ ಕೆಡಿಸಿದ್ದಾನೆ. ಅವನು ಗಂಜಿ ಕೊಟ್ಟಾಗಲೆಲ್ಲ ತೆರೆಯ ಮೇಲಿನ ‘ಬೇಡ’ ಎಂಬ ಗುಂಡಿಯ ಅಕ್ಷರ ಕೊಂಚ ಮಸುಕಾಗುತ್ತದೆ. ಕೊನೆಗೆ ಬೇಡವೆನ್ನುವ ಶಕ್ತಿಯೇ ಅವಳಲ್ಲಿ ಉಳಿಯುವುದಿಲ್ಲ. ಇದನ್ನೆಲ್ಲ ದೃಶ್ಯದ ಪಕ್ಕ ದೃಶ್ಯವಿಟ್ಟು ವಿಡಿಯೋ ಮಾಡಿ ಹಾಕಿದ್ದ. ‘ಒಣಮೀನು’ ಎಂಬ ಅಡ್ಡಹೆಸರಿನವನೊಬ್ಬ ಮಾತ್ರ ಕೆಣಕುತ್ತಲೇ ಇದ್ದ: “ಅವಳಿಗೆ ಹೋಗ್ಬೇಕು ಅಂತಿದ್ರೆ ನಿಂಗೇನಪ್ಪ ಹೊಟ್ಟೆಯುರಿ?”

ಹೊಟ್ಟೆಯುರಿಗೆ ಕಾರಣವಿತ್ತು. ಬೋನ್‌ಸೋಕನ ತಂಗಿ ಬೋನ್‌ಹಿ ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು, ಜಾಂಗ್ಸು ಬೆಟ್ಟದ ಕಡೆಯ ಒಂದು ಪ್ರಾರ್ಥನಾ ಗುಂಪನ್ನು ಸೇರಿಕೊಂಡಿದ್ದಳು. ಫೋನಿಲ್ಲ, ಹಬ್ಬಕ್ಕೂ ಬರುವುದಿಲ್ಲ.

ಚಳಿಗಾಲಕ್ಕೆಂದು ಕಿಮ್ಚಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ ಬೋನ್‌ಸೋಕ್ ಅಲ್ಲಿಗೆ ಹೋದ. ತಾಯಿ ಕೊಟ್ಟ ಉಣ್ಣೆಯ ಕಾಲುಚೀಲಗಳು ಚೀಲದಲ್ಲಿದ್ದವು. ಅಂಗಳದಲ್ಲಿ ತಂಗಿ ಮೂಲಂಗಿ ಹೆಚ್ಚುತ್ತ ಕೂತಿದ್ದಳು. ಕೆನ್ನೆ ಒಳಸೇರಿತ್ತು, ಪಕ್ಕದ ಒಂದು ಹಲ್ಲು ಇರಲಿಲ್ಲ. ಎಲ್ಲರೂ ದೊಡ್ಡಕ್ಕ ಎನ್ನುವ ಹೆಂಗಸೊಬ್ಬಳು ಹತ್ತಿರ ಬಂದು ಕಾಲುಚೀಲಗಳನ್ನು ತೆಗೆದುಕೊಂಡಳು. “ಇಲ್ಲಿ ಯಾವುದೂ ಒಬ್ಬರದ್ದಲ್ಲ, ಹಂಚ್ತೀವಿ,” ಎಂದು ಅಲ್ಲೇ ಕೂತಳು.

ಬೋನ್‌ಸೋಕ್ ದನಿ ತಗ್ಗಿಸಿದ. “ಮನೆಗೆ ನಡಿ. ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲ.”

“ನಾನಿಲ್ಲಿ ಚೆನ್ನಾಗಿದೀನಿ ಅಣ್ಣ.”

“ಇದು ನಿನ್ನ ಮಾತಲ್ಲ. ಇವರು ಹೇಳಿಕೊಟ್ಟಿದ್ದು.”

“ಸರಿ, ಚೆನ್ನಾಗಿಲ್ಲ. ಚಳಿ ಇದೆ, ಹಸಿವಿದೆ. ಆದ್ರೂ ಇರ್ತೀನಿ.”

“ನೋಡು, ಅಷ್ಟರಮಟ್ಟಿಗೆ ಕೆಡಿಸಿದಾರೆ ನಿನ್ನ.”

ಬೋನ್‌ಹಿ ಚಾಕುವನ್ನು ಪಕ್ಕಕ್ಕಿಟ್ಟಳು. “ಚೆನ್ನಾಗಿದೀನಿ ಅಂದ್ರೂ ಇವರು ಹೇಳ್ಸಿದ್ದು, ಇಲ್ಲ ಅಂದ್ರೂ ಇವರು ಹೇಳ್ಸಿದ್ದು. ಮತ್ತೆ ನನ್ನ ಹತ್ರ ಯಾಕೆ ಕೇಳ್ತೀಯ? ನೀನೊಬ್ಬನೇ ಮಾತಾಡ್ಕೋ.”

ಅವನು ದೊಡ್ಡಕ್ಕನ ಮುಖ ನೋಡಿದ. ಅವಳು ಮೂಲಂಗಿಯ ಮಣ್ಣು ಕೆರೆಯುತ್ತಿದ್ದಳು, ತಲೆಯೆತ್ತಲಿಲ್ಲ. ತಂಗಿಯ ಕಣ್ಣಲ್ಲಿ ಇದ್ದದ್ದು ಸಿಟ್ಟೋ, ಹೆದರಿಕೆಯೋ ಅವನಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಗೇಮಿನೊಳಗಿನ ಚಿತ್ರದ ಹುಡುಗಿಯ ಕಣ್ಣಿನಲ್ಲಿ ಏನೇನೆಲ್ಲ ಓದಿದ್ದವನು ಈಗ ಬಸ್ಸಿನ ಹೊತ್ತಾಯಿತೆಂದು ಎದ್ದ. ಅವಳು ತಡೆಯಲಿಲ್ಲ.

ತಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಂದ್ಲು?”

“ಬರಲ್ಲ ಅಂದ್ಲು.”

“ಅವಳೇ ಅಂದ್ಲಾ?”

ಅವನು ಶೂ ಬಿಚ್ಚುತ್ತ ಕೂತ. ತಾಯಿ ಇನ್ನೊಮ್ಮೆ ಕೇಳಿದಳು. ಆಮೇಲೆ ಒಳಗೆ ಹೋಗಿ ಅವನಿಗೆ ಅನ್ನ ಬಡಿಸಿದಳು.

ಆ ವಾರ ಅವನು ವಿಡಿಯೋವನ್ನು ಅಳಿಸಿಹಾಕಿದ. ನನಗೇನೂ ಗೊತ್ತಿಲ್ಲ, ಗೊತ್ತಿದೆ ಅಂದುಕೊಂಡಿದ್ದೆ ಅಷ್ಟೇ ಎಂದು ಎರಡು ಸಾಲು ಬರೆದ. ಗೇಮ್ ಮಾಡಿದ ಕಂಪನಿಯವರೇ ಬೆದರಿಸಿ ಹಾಗೆ ಬರೆಸಿದ್ದಾರೆಂದು ಒಬ್ಬ ಹೇಳಿದ, ಉಳಿದವರು ಹೌದೆಂದರು. ಅಲ್ಲ, ನಾನೇ ಬರೆದದ್ದು ಎಂದು ಬೋನ್‌ಸೋಕ್ ಉತ್ತರಿಸಿದ. ಅದನ್ನು ಯಾರೂ ನಂಬಲಿಲ್ಲ. ಒಣಮೀನು ಕೂಡ ನಂಬಲಿಲ್ಲ.

ವಸಂತದಲ್ಲಿ ಅವನು ಮತ್ತೆ ಜಾಂಗ್ಸುವಿಗೆ ಹೋದಾಗ ಗುಂಪಿನವರಿದ್ದ ಮನೆ ಖಾಲಿಯಿತ್ತು. ಗುಂಪು ಎಲ್ಲಿಗೋ ಸ್ಥಳ ಬದಲಿಸಿತ್ತು. ಕೆಳಗಿನ ಹೊಲದ ಮುದುಕನೊಬ್ಬ, “ವ್ಯಾನು ಬಂತು, ಎಲ್ಲ ಹತ್ತಿ ಹೋದ್ರು,” ಎಂದ. ತಂಗಿ ತಾನಾಗಿ ಹತ್ತಿದಳೋ, ಹತ್ತಿಸಿದರೋ ಎಂದು ಕೇಳಿದರೆ, “ನಾನು ಆಲೂಗಡ್ಡೆ ನೆಡ್ತಿದ್ದೆನಪ್ಪ, ನೋಡ್ಲಿಲ್ಲ,” ಎಂದ.